ಕೋವಿಯ ವಯಸ್ಸು ಹೇಳುತ್ತಿದ್ದವರು

ಯಾವ ಹಳೆಯ ಕೋವಿ ಕೈಗೆ ಬಂದರೂ ಅವರು ಮೊದಲು ಅದನ್ನು ಮೂಸುತ್ತಿದ್ದರು. ನಳಿಗೆಯ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ನಾಟಿ ವೈದ್ಯ ಬೇರು ಮೂಸಿದ ಹಾಗೆ. ಆಮೇಲೆ ಹೆಬ್ಬೆರಳ ಉಗುರಿನಿಂದ ಒಂದೆರಡು ಕಡೆ ಕೆರೆಯುತ್ತಿದ್ದರು. ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಕಣ್ಣಿನಿಂದ ನೋಡುವುದು ಕಟ್ಟಕಡೆಗೆ. "ಕಣ್ಣು ಲಗೂನ ಮೋಸ ಹೋಗ್ತೈತ್ರಿ, ಮೂಗು ಅಷ್ಟು ಲಗೂ ಹೋಗೂದಿಲ್ಲ" ಎಂದು ಹೇಳಿ, ಮೀಸೆಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತಿದ್ದರು.

ಯಲ್ಲಾಪುರದಲ್ಲಿ ಎಲ್ಲರೂ ಅವರನ್ನು ಕೋವಿ ಆಚಾರಿ ಎಂದೇ ಕರೆಯುತ್ತಿದ್ದರು. ಹೆಸರು ನಾನು ಬರೆಯುವುದಿಲ್ಲ. ಅವರ ಮನೆಯವರು ಇದ್ದಾರೆ, ಅವರಿಗೆ ಸಾಕಷ್ಟು ನೋವಾಗಿದೆ. ಮೂಲದಲ್ಲಿ ಬನವಾಸಿ ಕಡೆಯವರು. ಮೂವತ್ತು ವರ್ಷ ಯಲ್ಲಾಪುರದಲ್ಲಿದ್ದರೂ ಮಾತು ಮಾತ್ರ ಆ ಕಡೆಯದೇ ಉಳಿದಿತ್ತು. ಕುಳ್ಳ ಮನುಷ್ಯ, ಅಗಲ ಭುಜ, ಕುಲುಮೆಯ ಕಿಡಿ ಸಿಡಿದು ಎಡಗಣ್ಣಿನ ರೆಪ್ಪೆ ಅರ್ಧ ಸುಟ್ಟಿತ್ತು. ಹಾಗಾಗಿ ಸದಾ ಕಣ್ಣು ಮಿಟುಕಿಸಿ ಏನನ್ನೋ ಗುಟ್ಟಾಗಿ ಸೂಚಿಸುತ್ತಿರುವವರ ಹಾಗೆ ಕಾಣುತ್ತಿದ್ದರು. ಅವರಷ್ಟು ಗುಟ್ಟಿಲ್ಲದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ನನಗೆ ಅವರ ಪರಿಚಯವಾದದ್ದು ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಸಿದ್ದಾಪುರದ ಹುಡುಗನಾದ ನಾನು ಆಗಷ್ಟೇ ಯಲ್ಲಾಪುರದ ತಾಲೂಕು ಕಚೇರಿಗೆ ಗುಮಾಸ್ತನಾಗಿ ಬಂದಿದ್ದೆ. ಕೋವಿ ಪರವಾನಿಗೆಯ ದಫ್ತರ ನನ್ನ ಪಾಲಿಗೆ ಬಂದಿತ್ತು. ಹಳೆಯ ದಫ್ತರದಲ್ಲಿ ಎಲ್ಲರ ಹೆಸರಿನ ಮುಂದೂ "ಹಳೆ ಬಂದೂಕು ಒಂದು" ಎಂದಷ್ಟೇ ಇತ್ತು. ಹೊಸ ಹುಕುಮಿನ ಪ್ರಕಾರ ಪ್ರತಿಯೊಂದು ಕೋವಿಯ ನಳಿಗೆ, ಕಿಡಿ ಹಾರಿಸಲು ಬಡಿಯುವ ಕುದುರೆ, ಮರದ ಹಿಡಿ, ಎಲ್ಲವನ್ನೂ ಬಿಡಿಬಿಡಿಯಾಗಿ ವರ್ಣಿಸಿ, ಅಂದಾಜು ವಯಸ್ಸನ್ನೂ ಬರೆಯಬೇಕಿತ್ತು. ಗದ್ದೆಗೆ ಬರುವ ಹಂದಿ ಹೊಡೆಯಲು ಇಟ್ಟುಕೊಂಡ ಮದ್ದಿನ ಕೋವಿಗಳು ತಾಲೂಕಿನ ತುಂಬ ಇದ್ದವು. ನನಗೋ ಕೋವಿಯ ಹಿಂದು ಮುಂದು ತಿಳಿಯದು. ಹೀಗಾಗಿ ಅವರನ್ನು ಕರೆಸಿದರು.

ಕಚೇರಿಯ ಜಗಲಿಯಲ್ಲಿ ಗೋಣಿ ಹಾಸಿಕೊಂಡು ಅವರು ಕೂರುವುದು, ಪಕ್ಕದಲ್ಲಿ ಸಣ್ಣ ಮೇಜಿಟ್ಟುಕೊಂಡು ನಾನು ಬರೆಯುವುದು. ಹೀಗೆ ನಾಲ್ಕು ತಿಂಗಳು ನಡೆಯಿತು. ಮೊದಲ ದಿನವೇ ನನಗೆ ಪಾಠ ಹೇಳಿದರು: "ಒಂದು ಕೋವಿ ಅಂತ ಬರೀಬ್ಯಾಡ್ರಿ ಸಾಹೇಬ್ರ. ಇದರಾಗ ಮೂರು ಕೋವಿ ಅದಾವ. ನಳಿಗಿ ಒಂದು ಕಾಲದ್ದು, ಕುದುರಿ ಒಂದು ಕಾಲದ್ದು, ಮರ ಮೊನ್ನೆ ಮೊನ್ನೇದು." ಕುದುರೆ ಕೂರುವ ತಗಡಿನಲ್ಲಿ ಮುಚ್ಚಿಹೋದ ಮೂರು ಸಣ್ಣ ತೂತು ತೋರಿಸಿದರು. ಅಲ್ಲಿ ಮೊದಲು ಚಕಮಕಿ ಕಲ್ಲಿನ ಕಿಡಿ ಬೀಳುವ ಬಟ್ಟಲಿತ್ತಂತೆ. ಮುಂದೆ ಕುದುರೆಯ ಏಟಿಗೆ ತಾನೇ ಸಿಡಿಯುವ ಕೇಪು ಬಂದಾಗ ಬಟ್ಟಲು ತೆಗೆದು ತೂತು ಮುಚ್ಚಿದ್ದರಂತೆ. "ಮುಚ್ಚಿದಾಂವ ಗಡಿಬಿಡಿ ಮನಶ್ಯಾ. ನೋಡ್ರಿ, ಇದೊಂದು ತೂತು ಅರ್ಧಾನ ತುಂಬ್ಯಾನ. ಮನ್ಯಾಗ ಯಾರಿಗೋ ಆರಾಮ ಇರಲಿಲ್ಲೋ ಏನೋ."

ಸತ್ತು ನೂರು ವರ್ಷವಾದ ಕಮ್ಮಾರರ ಬಗ್ಗೆ ಅವರು ಓಣಿಯವರ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದರು. ಇವನ ಅರಕ್ಕೆ ಹಲ್ಲಿರಲಿಲ್ಲ, ಇವನಿಗೆ ಸಿಟ್ಟು ಜಾಸ್ತಿ, ಇವನು ಎಡಚ. ಎಡಚ ಎಂದು ಹೇಗೆ ತಿಳಿಯಿತು ಎಂದು ಕೇಳಿದ್ದೆ. ಕಬ್ಬಿಣವನ್ನು ಅರದಿಂದ ಉಜ್ಜಿದಾಗ ಉಳಿಯುವ ಗೆರೆಗಳು ಬಲಗೈಯವರದಾದರೆ ಒಂದು ಕಡೆ ಓರೆ, ಎಡಗೈಯವರದಾದರೆ ಇನ್ನೊಂದು ಕಡೆ ಓರೆ. ತುಕ್ಕು ಹಿಡಿದರೂ ಭೂತಗನ್ನಡಿಯಲ್ಲಿ ಕಾಣುತ್ತದೆ. ತೋರಿಸಿದರು. ಕಂಡಿತು.

ಒಮ್ಮೆ ದೊಡ್ಡ ಜಮೀನುದಾರರೊಬ್ಬರು ರೇಷ್ಮೆ ಬಟ್ಟೆಯಲ್ಲಿ ಕೋವಿ ಸುತ್ತಿ ತಂದರು. ಸೋದೆಯ ಅರಸರು ತಮ್ಮ ಹಿರಿಯರಿಗೆ ಕೊಟ್ಟದ್ದೆಂದು ಬರೆಯಬೇಕೆಂದರು. ಆಚಾರಿ ಮರ ಬಿಡಿಸಿ, ನಳಿಗೆಯ ಅಡಿಯಲ್ಲಿದ್ದ ಇಂಗ್ಲಿಷರ ಕಂಪನಿಯ ಮುದ್ರೆ ತೋರಿಸಿದರು. "ಅರಸರು ಹೋಗಿ ಭಾಳ ದಿವಸಾದ ಮ್ಯಾಲ ಹುಟ್ಟಿದ್ದರೀ ಇದು." ಜಮೀನುದಾರರ ಮುಖ ಸಣ್ಣಗಾಯಿತು. ಅದನ್ನು ನೋಡಿ ಇವರಿಗೇ ಪಾಪ ಅನ್ನಿಸಿತೋ ಏನೋ, ನಳಿಗೆ ಸವರುತ್ತಾ ಹೇಳಿದರು: "ಕಬ್ಬಿಣ ಮಾತ್ರ ಬಂಗಾರದಂಥಾದ್ದು. ವಯಸ್ಸು ಕೇಳಿದ್ರ ಹೇಳ್ತೀನ್ರಿ, ವಂಶಾ ಮಾತ್ರ ಕೇಳಬ್ಯಾಡ್ರಿ." ಆ ಮನುಷ್ಯ ನಗುತ್ತಲೇ ಹೋದ.

ಅವರಿಗೆ ಒಬ್ಬನೇ ಮಗ. ಹೆಂಡತಿ ತೀರಿಕೊಂಡ ಮೇಲೆ ತಾವೇ ಬೆಳೆಸಿದ್ದು. ಮಗ ಎಡಚ. ಅಂಗಡಿಯಲ್ಲಿ ತಂದೆಯ ಎದುರಿಗೆ ಅವನು ಅರ ಹಿಡಿದು ನಿಂತರೆ ಕನ್ನಡಿಯಲ್ಲಿ ನೋಡಿದ ಹಾಗಿರುತ್ತಿತ್ತು. ಲಾರಿ ಎಂದರೆ ಅವನಿಗೆ ಪ್ರಾಣ. ಹೆದ್ದಾರಿಯಲ್ಲಿ ಮರದ ನಾಟಾ ಹೊತ್ತ ಲಾರಿ ಕೆಟ್ಟು ನಿಂತರೆ ಸುತ್ತಿಗೆ ಬಿಟ್ಟು ಓಡುತ್ತಿದ್ದ. ತಂದೆ ಬೈಯುತ್ತಿದ್ದರು, ಬೈದ ಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಅವನ ಕೈ ನನಗಿಂತ ಹಗೂರ ಐತ್ರಿ. ಅವನ ಮುಂದ ಮಾತ್ರ ಅನ್ನೂದಿಲ್ಲ" ಎನ್ನುತ್ತಿದ್ದರು. ಸಿದ್ದಾಪುರದಿಂದ ಹೆಣ್ಣು ತಂದು ಮದುವೆ ಮಾಡಿದರು. ನಮ್ಮೂರ ಹುಡುಗಿ ಎಂದು ನನ್ನ ತಾಯಿ ಅವಳನ್ನು ಆಗಾಗ ಕರೆದು ಮಾತಾಡಿಸುತ್ತಿದ್ದರು. ಒಂದು ಹೆಣ್ಣುಮಗು ಆಯಿತು.

ಆ ಮಗು ನಡೆಯಲು ಕಲಿಯುವ ಹೊತ್ತಿಗೆ ಅದರ ಅಪ್ಪ ಇರಲಿಲ್ಲ. ಕಬ್ಬಿಣ ತರಲು ಅಂಕೋಲೆಗೆ ಹೊರಟವನು ನಾಟಾ ಲಾರಿಯ ಮೇಲೆ ಕೂತಿದ್ದ. ಅರಬೈಲು ಘಟ್ಟದ ತಿರುವಿನಲ್ಲಿ ಲಾರಿ ಉರುಳಿತು.

ಅದಾಗಿ ಒಂದೂವರೆ ವರ್ಷ. ಇಡಗುಂದಿಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು, ರೈತರು. ಗದ್ದೆಯ ನೀರಿನ ವಿಚಾರಕ್ಕೆ ಇಬ್ಬರಿಗೂ ಜಗಳವಾಗಿ, ಅಣ್ಣ ನಾಲ್ಕು ಜನರೆದುರು "ನಿನ್ನ ಮಣ್ಣು ಮಾಡ್ತೆ" ಎಂದುಬಿಟ್ಟಿದ್ದ. ತಿಂಗಳಾದ ಮೇಲೆ ಒಂದು ಬೆಳಗ್ಗೆ ತೆನೆಗೆ ಹಂದಿ ಇಳಿದವು. ಕೋವಿ ಅಣ್ಣನದು, ಅವನಿಗೆ ಜ್ವರ. ಕೋವಿ ಕೊಟ್ಟು ತಮ್ಮನನ್ನು ಕಳಿಸಿದ. ತಮ್ಮ ಹೊಡೆದ ಒಂದೇ ಈಡಿಗೆ ಕೋವಿಯ ಬುಡದ ತಿರುಪು ಕಿತ್ತು ಹಿಂದಕ್ಕೆ ಹಾರಿ ಅವನ ಹಣೆಗೆ ಬಡಿಯಿತು. ನಳಿಗೆಯ ಹಿಂಬಾಯಿಯನ್ನು ಮುಚ್ಚುವ ದಪ್ಪ ತಿರುಪು ಅದು. ಮದ್ದಿನ ಹೊಡೆತವೆಲ್ಲ ಅದರ ಮೇಲೇ ಬೀಳುವುದು. ಹುಡುಗ ಗದ್ದೆಯಲ್ಲೇ ಸತ್ತ.

ಪೊಲೀಸ್ ಫೌಜದಾರರು ಹೋಗಿ ನೋಡಿದರೆ ತಿರುಪು ಹಳೆಯದಲ್ಲ, ಲಾರಿಯ ಬೋಲ್ಟು. ಜಗಳವಾದ ಮೇಲೆ ಅಣ್ಣನೇ ಬೇಕೆಂದು ಇದನ್ನು ಕೂರಿಸಿ ತಮ್ಮನ ಕೈಗೆ ಕೊಟ್ಟಿದ್ದಾನೆ ಎಂಬ ಸಂಶಯ ಬಂತು. ಅಣ್ಣ ಅಳುತ್ತಾ ಹೇಳಿದ: "ಇಲ್ಲ ಒಡೆಯಾ, ಮೂರು ಮಳೆಗಾಲದ ಹಿಂದೆ ಆಚಾರಿ ಅಂಗಡೀಲಿ ರಿಪೇರಿ ಮಾಡ್ಸಿದ್ದು." ಫೌಜದಾರರು ಅಂಗಡಿಗೆ ಬಂದು ಕೇಳಿದರು. ಕೋವಿಯ ತುಂಡುಗಳು ಅವರ ಜೊತೆ ಇರಲಿಲ್ಲ. ಆಚಾರಿ ಕುಲುಮೆಯಿಂದ ತಲೆ ಎತ್ತಲಿಲ್ಲ. "ಲಾರಿ ಬೋಲ್ಟು ಹಾಕಿದ ಕೋವಿ ನನ್ನ ಅಂಗಡಿಯಿಂದ ಹೊರಗ ಹೋಗಿಲ್ರಿ, ಹೋಗೂದೂ ಇಲ್ಲ" ಎಂದರು. ಅಷ್ಟೇ ಸಾಕಾಯಿತು. ಅಣ್ಣನನ್ನು ಹಿಡಿದು ಒಳಗೆ ಹಾಕಿದರು.

ಎರಡು ತಿಂಗಳು ಕಳೆಯಿತು. ಕೋವಿಯ ತುಂಡುಗಳ ವರ್ಣನೆ, ವಯಸ್ಸು ಬರೆಸಿ ಕಳಿಸಿ ಎಂದು ಕೋರ್ಟಿನಿಂದ ನಮ್ಮ ಕಚೇರಿಗೆ ಕಾಗದ ಬಂತು. ಅರಗಿನ ಮುದ್ರೆ ಒಡೆದು ಚೀಲದಿಂದ ತುಂಡುಗಳನ್ನು ತೆಗೆದು ಕಚೇರಿಯ ಒಳಗೆ ಮೇಜಿನ ಮೇಲಿಟ್ಟೆ. ಆಚಾರಿ ಎಂದಿನಂತೆ ಮೂಸಿದರು, ತಟ್ಟಿದರು. ನಳಿಗೆ ಕಂಪನಿ ಕಾಲದ್ದು, ನೂರು ವರ್ಷಕ್ಕೆ ಮಿಕ್ಕಿದ್ದು, ಎಲ್ಲೂ ಬಿರುಕಿಲ್ಲ ಎಂದು ಬರೆಸಿದರು. ಕುದುರೆಯ ತಗಡು ಚಕಮಕಿಯದು, ಮುಂದೆ ಕೇಪಿಗೆ ತಿರುಗಿಸಿದ್ದು. ಮರ ಹೊನ್ನೆ, ಇಪ್ಪತ್ತು ವರ್ಷದ್ದು. ನಾನು ಬರೆಯುತ್ತಾ ಹೋದೆ. ಕಡೆಗೆ ಬುಡದ ತಿರುಪನ್ನು ಕೈಗೆ ತೆಗೆದುಕೊಂಡರು.

"ಕಿಡಕಿ ತಗೀರಿ" ಎಂದರು. ತೆಗೆದೆ. ಬೆಳಕಿಗೆ ಹಿಡಿದು ತಿರುಗಿಸಿದರು. ಧೋತರದ ಚುಂಗಿನಿಂದ ಒರೆಸಿದರು. ಭೂತಗನ್ನಡಿ ಹಿಡಿದರು. ಮತ್ತೆ ಒರೆಸಿದರು. ನಾನು ಲೇಖನಿ ಹಿಡಿದು ಕಾಯುತ್ತಲೇ ಇದ್ದೆ. ಅವರ ಹೆಬ್ಬೆರಳು ಆ ತಿರುಪಿನ ತಲೆಯ ಮೇಲಿನ ಅರದ ಗೆರೆಗಳನ್ನು ಸವರುತ್ತಿತ್ತು, ಮತ್ತೆ ಮತ್ತೆ ಒಂದೇ ಕಡೆಗೆ. ಮಲಗಿದ ಕೂಸಿನ ಹುಬ್ಬು ಸವರುವ ಹಾಗೆ. ಆಗಲೂ ನನಗೆ ಹೊಳೆಯಲಿಲ್ಲ.

"ಇವತ್ತಿಗೆ ಸಾಕ್ರಿ. ನಾಳೆ ಬರ್ತೀನಿ" ಎಂದು ಎದ್ದರು. ಎದ್ದವರು ಚಪ್ಪಲಿ ಮರೆತು ಬರಿಗಾಲಲ್ಲಿ ಹೋದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಚಪ್ಪಲಿ ತೆಗೆದುಕೊಂಡು ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು, ಅತ್ತ ಮುಖ. ಅವಳಿಗೆ ಆಗಲೇ ಹೇಳಿದ್ದರು. ನನಗೂ ಹೇಳಿದರು. ಬನವಾಸಿಯಲ್ಲಿ ಅವರ ಅಕ್ಕ ತೀರಿಕೊಂಡಾಗ ಹದಿನೈದು ದಿನ ಅಂಗಡಿ ಮಗನ ಕೈಯಲ್ಲಿತ್ತು. ಆಗ ಬಂದಿರಬೇಕು ಆ ಕೋವಿ. ಹಳೆಯ ತಿರುಪು ತುಕ್ಕು ತಿಂದು ಪುಡಿಯಾಗಿರಬೇಕು. ಬೋಲ್ಟಿನ ಸುತ್ತುಗೆರೆ ನಳಿಗೆಯ ಸುತ್ತುಗೆರೆಗೆ ಕೂಡದೆ, ಮಗ ಸಂದಿಗೆ ಹಿತ್ತಾಳೆ ಕರಗಿಸಿ ತುಂಬಿದ್ದ. ತಲೆಯನ್ನು ಅರದಿಂದ ಚೆಂದವಾಗಿ ನುಣುಪು ಮಾಡಿದ್ದ. ಗೆರೆಗಳೆಲ್ಲ ಎಡಗೈಯವು.

ನಾನು ಚಪ್ಪಲಿ ಕೆಳಗಿಟ್ಟು ಹೇಳಿದೆ: "'ತಿರುಪಿನ ಕಾಲ ಹೇಳಲು ಸಾಧ್ಯವಿಲ್ಲ' ಅಂತ ಬರೆದುಬಿಡುವಾ. ಯಾರೂ ಕೇಳೂದಿಲ್ಲ."

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ.

"ಸಾಧ್ಯ ಐತಲ್ರಿ" ಎಂದರು.

ನನಗೀಗ ವಯಸ್ಸಾಗಿದೆ. ಆ ಎರಡು ಶಬ್ದ ನೆನಪಾದಾಗ ಈಗಲೂ ತಲೆ ತಗ್ಗುತ್ತದೆ.

ಸೊಸೆ ಆಗ ಬಾಯಿಬಿಟ್ಟಳು. "ಹಾಗಾದ್ರೆ ನೀವೇ ಮಾಡಿದ್ದು ಅಂತ ಹೇಳಿ ಮಾವ. ಎಂತ ಆಗ್ತದೆ? ನೀವು ಬದುಕಿದ್ದೀರಿ, ಎದುರು ನಿಂತು ಮಾತಾಡ್ತೀರಿ. ಸತ್ತವರ ತಲೆ ಮೇಲೆ ಎಂತಕ್ಕೆ ಹಾಕೂದು?"

"ನನ್ನ ತಲಿ ಮ್ಯಾಲ ಹಾಕ್ಕೋಳಾಕ ನಾ ತಯಾರದೀನವ್ವಾ. ಆದರ ನಾ ಮಾಡಿದ್ದು ಅಂದ್ರ ಯಾವಾಗ ಮಾಡಿದಿ ಅಂತ ಕೇಳ್ತಾರ. ಮೂರು ವರ್ಷಾತು ಅಂದ್ರ ನಂಬೂದಿಲ್ಲ. ಮೊದಲ ಇಲ್ಲ ಅಂದಾಂವ ಈಗ ಹೌದಂತಾನ, ಇಬ್ಬರೂ ಕೂಡಿ ಜಗಳಾದ ಮ್ಯಾಲ ಮಾಡ್ಯಾರ ಅಂತಾರ." ಹೆಬ್ಬೆರಳ ಉಗುರಿನಿಂದ ಕಟ್ಟೆ ಕೆರೆಯುತ್ತ ಹೇಳಿದರು: "ಅವನ ಕೈ ಅಂದ್ರ ಹಂಗಲ್ಲ. ಅವನ ಕೈ ನಿಂತು ಒಂದೂವರಿ ವರ್ಷಾತು. ಆ ಜಗಳಾದ್ದು ಮೊನ್ನೆ. ಅಲ್ಲೊಬ್ಬಾಂವ ಮಾಡದ ತಪ್ಪಿಗೆ ಒಳಗ ಕುಂತಾನ. ನಾ ನೋಡದೇ ಆಡಿದ ಮಾತಿಗೆ ಕುಂತಾನ."

ಅವಳು ಒಳಗೆ ಹೋದಳು. ನಾನು ಮನೆಗೆ ಬಂದು ಊಟ ಬೇಡವೆಂದೆ. "ಎಂತ ಆತೋ ನಿಂಗೆ?" ಎಂದು ತಾಯಿ ಕೇಳಿದರು. "ಎಂತಾ ಇಲ್ಲೆ" ಎಂದೆ.

ಮರುದಿನ ಬಂದು ಬರೆಸಿದರು. "ತಿರುಪು: ಲಾರಿಯ ಬೋಲ್ಟು. ಸಂದಿಯಲ್ಲಿ ಹಿತ್ತಾಳೆ. ಹಿತ್ತಾಳೆಯ ಮೇಲೆ ಮೂರು ಮಳೆಗಾಲದ ಕಿಲುಬು, ಸುಟ್ಟ ಮದ್ದಿನ ಪದರ. ಅರದ ಕೆಲಸ ಎಡಗೈಯದು. ಮಾಡಿದವನು ನನ್ನ ಮಗ." ಕೊನೆಯ ಸಾಲು ಬರೆಯುವಾಗ ಮಸಿ ಬಿದ್ದು ಹಾಳೆ ಕೆಟ್ಟಿತು. ನಾನು ಇನ್ನೊಂದು ಹಾಳೆ ತೆಗೆದುಕೊಂಡೆ. ಅವರು ಮೊದಲಿನಿಂದ ಮತ್ತೊಮ್ಮೆ ಎಲ್ಲ ಹೇಳಬೇಕಾಯಿತು.

ಶಿರಸಿಯ ಕೋರ್ಟಿನಲ್ಲಿ ಸಾಕ್ಷಿ. ಆ ಗೆರೆಗಳು ಮಗನ ಕೈಯವೇ ಎಂಬುದಕ್ಕೆ ಏನು ಆಧಾರ ಎಂದು ಕೇಳಬಹುದು, ಅವನ ಕೈಯ ಇನ್ನೊಂದು ಕೆಲಸ ತೋರಿಸಬೇಕಾದೀತು ಎಂದು ಅಣ್ಣನ ಪರ ವಕೀಲರು ಮೊದಲೇ ಹೇಳಿದ್ದರು. ಅಂಗಡಿಯಲ್ಲಿ ಅವನು ಮಾಡಿದ್ದೆಲ್ಲ ಮಾರಿಹೋಗಿತ್ತು. ಉಳಿದದ್ದು ಒಂದೇ, ಮದುವೆಯ ಹೊಸತರಲ್ಲಿ ಹೆಂಡತಿಗೆಂದು ಮಾಡಿಕೊಟ್ಟ ಈಳಿಗೆ. ಅಡಿಗೆಮನೆಯಿಂದ ಅದನ್ನು ತೆಗೆದುಕೊಂಡು ಹೋದರು. ಕೇಳಿಯೇ ತೆಗೆದುಕೊಂಡರಂತೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಕೋರ್ಟಿನಲ್ಲಿ ನಾನು ಹಿಂದೆ ಕೂತಿದ್ದೆ. ತಿರುಪು, ಈಳಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನ್ಯಾಯಾಧೀಶರಿಗೆ ತೋರಿಸಿದರು. ಎದುರು ವಕೀಲರು ಎದ್ದು, "ನಿಮ್ಮ ಮಗ ಕೆಟ್ಟ ಕೆಲಸಗಾರನೋ?" ಎಂದು ಕೇಳಿದರು.

"ಅಲ್ರಿ. ಭಾಳ ಚಲೋ ಕೆಲಸಗಾರ."

"ಹಾಗಾದರೆ ಇದು?"

ಅವರು ಕಟಕಟೆಯ ಮರವನ್ನು ಹೆಬ್ಬೆರಳಿನಿಂದ ಸವರಿದರು. "ಇದೊಂದು ಕೆಟ್ಟದ್ದು ಮಾಡ್ಯಾನ್ರಿ" ಎಂದರು.

ಅಣ್ಣನನ್ನು ಬಿಟ್ಟರು. ಈಳಿಗೆಯನ್ನು ಮುದ್ದೆಮಾಲು, ಅಂದರೆ ಪುರಾವೆಯ ಸಾಮಾನು, ಎಂದು ಕೋರ್ಟಿನಲ್ಲೇ ಇಟ್ಟುಕೊಂಡರು. ಬಿಡಿಸಿಕೊಳ್ಳಲು ನಾನು ಮೂರು ಅರ್ಜಿ ಬರೆದುಕೊಟ್ಟೆ. ಅದು ಬರಲೇ ಇಲ್ಲ.

ಬರಿಗೈಯಲ್ಲಿ ಅವರು ಮನೆಗೆ ಬಂದ ವಾರದೊಳಗೆ ಸೊಸೆ ಮಗುವನ್ನು ಎತ್ತಿಕೊಂಡು ಸಿದ್ದಾಪುರದ ತವರಿಗೆ ಹೊರಟಳು. ಬಸ್ಸಿನ ತನಕ ಟ್ರಂಕು ಹೊತ್ತು ತಂದವರು ಅವರೇ. "ನನ್ನ ಹತ್ರ ಅವರದ್ದು ಅಂತ ಒಂದೇ ಇತ್ತು" ಎಂದಳು ಅವಳು. ಬಸ್ಸು ಹೋದ ಮೇಲೂ ಅವರು ಟ್ರಂಕು ಹೊತ್ತಾಗ ತಲೆಗೆ ಇಟ್ಟುಕೊಂಡಿದ್ದ ಸಿಂಬಿಯನ್ನು ತೆಗೆಯದೆ ನಿಂತಿದ್ದರು. ನಾನೇ ತೆಗೆದೆ.

ಬಿಡುಗಡೆಯಾದ ಅಣ್ಣ ಬಾಳೆಗೊನೆ ಹೊತ್ತು ಬಂದು ಅವರ ಕಾಲಿಗೆ ಬಿದ್ದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಮೊದಲ ದಿವಸ ನಾ ಕಣ್ಣಾರೆ ನೋಡಿ ಮಾತಾಡಿದ್ರ ನೀ ಒಳಗ ಹೋಗತಿರಲಿಲ್ಲ. ಏಳಪ್ಪಾ" ಎಂದರು. ಅವನು ಅತ್ತ, ತಮ್ಮನನ್ನು ನೆನೆದು. ಇಬ್ಬರೂ ಒಬ್ಬರಿಗೊಬ್ಬರು ಏನೂ ಆಗಬೇಕಾಗಿರಲಿಲ್ಲ. ಆದರೂ ಆ ಮಧ್ಯಾಹ್ನ ಒಂದೇ ಕಟ್ಟೆಯ ಮೇಲೆ ಕೂತು ಎರಡೆರಡು ಬಾಳೆಹಣ್ಣು ತಿಂದರು.

ಆಮೇಲೆ ಅವರು ಕೋವಿ ಮುಟ್ಟಲಿಲ್ಲ. ಕತ್ತಿ, ಗುದ್ದಲಿ ಮಾಡಿಕೊಂಡಿದ್ದರು. ಕಚೇರಿಯಿಂದ ಕರೆ ಹೋದರೆ "ಕಣ್ಣು ಮಂಜಾಗ್ಯಾವ್ರಿ" ಎಂದು ಹೇಳಿ ಕಳಿಸುತ್ತಿದ್ದರು. ಮಂಜಾಗಿರಲಿಲ್ಲ.

ವರ್ಷಕ್ಕೆ ಎರಡು ಸಲ, ಯುಗಾದಿಗೆ, ದೀಪಾವಳಿಗೆ, ಸಿದ್ದಾಪುರಕ್ಕೆ ಹೋಗಿ ಬರುತ್ತಿದ್ದರು. ಮಗುವಿಗೆ ಲಂಗದ ಬಟ್ಟೆ, ಬತ್ತಾಸು. ಸೊಸೆಯ ಅಣ್ಣ ಬಾಗಿಲಲ್ಲೇ ಅದನ್ನು ತೆಗೆದುಕೊಂಡು ಒಳಗೆ ಹೋಗುತ್ತಿದ್ದ. ಸೊಸೆ ಹೊರಗೆ ಬರುತ್ತಿರಲಿಲ್ಲ. ಒಂದು ದೀಪಾವಳಿಯಂದು ಊರಿಗೆ ಹೋದಾಗ ಸಿದ್ದಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೋಟೆಲಿಗೆ ಎಳೆದುಕೊಂಡು ಹೋದೆ. ದೋಸೆ ಮುರಿದು ಮುಂದಿಟ್ಟುಕೊಂಡು ಕೇಳಿದರು:

"ಸಾಹೇಬ್ರ, ಆ ಕೆಲಸ ಕೆಟ್ಟೈತಿ ಅಂತ ಅವಗ ಗೊತ್ತಿತ್ತೇನ್ರಿ? ಗೊತ್ತಿದ್ದೂ ಸುಮ್ಮನ ಕೊಟ್ಟಿದ್ರ ಅವ ನನ್ನ ಮಗ ಅಲ್ಲ. ಗೊತ್ತ ಇರಲಿಲ್ಲ ಅಂದ್ರ ನಾ ಕಲಿಸಿದ್ದ ಸುಳ್ಳು. ಎಲ್ಲಾ ಕೋವಿಗೂ ಹೇಳಿದೆ. ಇದೊಂದು ಹೇಳಾಕ ಬರವಲ್ದು."

ದೋಸೆ ಆರುತ್ತದೆ, ತಿನ್ನಿ ಎಂದೆ.

ಅರವತ್ತರ ದಶಕ ಮುಗಿಯುವ ಮೊದಲೇ ಅವರು ಹೋದರು. ಎರಡು ದಿನದ ಜ್ವರ. ಸಿದ್ದಾಪುರಕ್ಕೆ ನಾನೇ ತಂತಿ ಕೊಟ್ಟೆ. ಯಾರೂ ಬರಲಿಲ್ಲ. ಇಡಗುಂದಿಯಿಂದ ಆ ಅಣ್ಣ ಬಂದ. ಓಣಿಯವರ ಜೊತೆ ಅವನೂ ಹೆಗಲು ಕೊಟ್ಟ, ಕೊಳ್ಳಿಯನ್ನೂ ಅವನೇ ಇಟ್ಟ.

ಮೂರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಸೊಸೆ ಬಂದಳು. ಲಂಗ ತೊಟ್ಟ ಏಳೆಂಟು ವರ್ಷದ ಹುಡುಗಿ ಕೈಹಿಡಿದುಕೊಂಡಿತ್ತು. ತಂತಿ ಬಂದದ್ದನ್ನು ಅವಳಿಗೆ ಮನೆಯವರು ತಡವಾಗಿ ಹೇಳಿದ್ದರು. ನಮ್ಮ ಮನೆಯಲ್ಲಿ ನೀರು ಕೂಡ ಮುಟ್ಟದೆ, "ಜಾಗ ತೋರಿಸಿ" ಎಂದಳು. ಹಳ್ಳದ ದಂಡೆಗೆ ನಡೆದು ಹೊರಟೆವು.

ದಾರಿಯಲ್ಲಿ ಕೇಳಿದಳು: "ಕಡೆಗೆ ಎಂತಾದ್ರೂ ಹೇಳಿದ್ರಾ?"

ನಾನು ಸಿದ್ದಾಪುರದ ಹೋಟೆಲಿನಲ್ಲಿ ಅವರು ಕೇಳಿದ್ದನ್ನು ಹೇಳಿದೆ. ಅವಳು ನಡೆಯುವುದನ್ನು ನಿಲ್ಲಿಸಿದಳು.

"ಗೊತ್ತಿತ್ತು" ಎಂದಳು.

ನನಗೆ ಅರ್ಥವಾಗಲಿಲ್ಲ.

"ಅವರಿಗೆ, ಇವಳ ಅಪ್ಪಂಗೆ, ಗೊತ್ತಿತ್ತು. ಕೋವಿ ಕೊಟ್ಟು ಕಳ್ಸಿದ ದಿನವೇ ಊಟಕ್ಕೆ ಕೂತವರು ಎದ್ರು. ಆ ಕೆಲಸ ಸರಿ ಆಗಲಿಲ್ಲ, ಇಡಗುಂದಿಗೆ ಹೋಗಿ ವಾಪಸ್ ತರ್ತೆ, ಅಪ್ಪ ಬಂದ ಮೇಲೆ ತೋರಿಸ್ತೆ ಅಂದ್ರು. ನಂಗೆ ದಿನ ತುಂಬಿತ್ತು. ಮನೇಲಿ ಯಾರೂ ಇಲ್ಲ. ನನ್ನ ಒಬ್ಬಳೇ ಬಿಟ್ಟು ಹೋಗ್ಬೇಡಿ ಅಂತ ಅಳ್ತಾ ಕೂತೆ. ನಾಳೆ ಹೋಗ್ತೆ ಅಂದ್ರು. ಮಾರನೇ ದಿನ ಇವಳು ಹುಟ್ಟಿದ್ಲು. ಆಮೇಲೆ ಇಬ್ಬರಿಗೂ ಮರ್ತೇ ಹೋತು."

ಹುಡುಗಿ ದಾರಿಯ ಬದಿಯ ತುಂಬೆ ಹೂ ಕೀಳುತ್ತಿತ್ತು.

"ಅವತ್ತು ಸಂಜೆ ನೀವು ಚಪ್ಪಲಿ ತಂದಿರಲ್ಲ, ಆವಾಗ್ಲೇ ಹೇಳ್ಬೇಕಿತ್ತು. ಬಾಯಿಗೆ ಬಂತು. ಹೇಳಿದ್ರೆ ಆ ಹುಡುಗ ಸತ್ತದ್ದು ನನ್ನಿಂದ ಅಂತ ಆಗ್ತದೆ ಅಂತ ಹೆದರಿಕೆ ಆತು. ಅದಕ್ಕೇ ಮಾವನ ಮೇಲೆ ಸಿಟ್ಟು ಮಾಡಿದೆ. ಮಾಡ್ತಾ ಮಾಡ್ತಾ ಅದೇ ಖರೆ ಆತು."

ಚಿತೆಯ ಜಾಗಕ್ಕೆ ಬಂದೆವು. ಬೂದಿಯನ್ನು ಬೆಳಗ್ಗೆಯೇ ಹಳ್ಳಕ್ಕೆ ಬಿಟ್ಟಾಗಿತ್ತು. ನೆಲದಲ್ಲಿ ಒಂದು ಆಳುದ್ದದ ಕರಿ ಮಾತ್ರ ಉಳಿದಿತ್ತು. ಅವಳು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಒಳಗಿನ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸುವಷ್ಟೇ ದನಿ ಮಾಡಿ, "ಮಾವಾ" ಎಂದು ಕರೆದಳು. "ಮಾವಾ, ಅವರಿಗೆ ಗೊತ್ತಿತ್ತು. ವಾಪಸ್ ತರ್ಲಿಕ್ಕೆ ಹೊರಟಿದ್ರು. ನಾನೇ ಬಿಡ್ಲಿಲ್ಲ."

ಹುಡುಗಿ ಹತ್ತಿರ ಬಂದು ತಾಯಿಯ ಹೆಗಲ ಮೇಲೆ ಕೈಯಿಟ್ಟಿತು. ಆ ಕರಿ ನೆಲವನ್ನು ನೋಡಿತು, ನನ್ನನ್ನು ನೋಡಿತು.

"ಅಮ್ಮಾ, ಯಾರ ಹತ್ರ ಮಾತಾಡ್ತಿದ್ದೀ?"

"ನಿನ್ನ ಅಜ್ಜನ ಹತ್ರ" ಎಂದಳು. ಹಾಗೆಂದು ಮತ್ತೆ ಮೊದಲಿನಿಂದ ಹೇಳತೊಡಗಿದಳು.